ಮಾಲ್ಗುಡಿಗೆ ಟಿಕೆಟ್ ಕೇಳಿದೆ, ಆಗುಂಬೆಯಲ್ಲಿ ಇಳಿದೆ

“ಎಲ್ಲಿಗೆ?”

“ಮಾಲ್ಗುಡಿ ಒಂದು.”

ಕಂಡಕ್ಟರ್ ನಗಲಿಲ್ಲ. ನನ್ನ ಕೈಯಲ್ಲಿದ್ದ ನೋಟನ್ನು ತೆಗೆದುಕೊಂಡು, ಆಗುಂಬೆಗೆ ಟಿಕೆಟ್ ಹರಿದು, “ಹಿಂಗೆ ಹೇಳೋರು ತಿಂಗಳಿಗೆ ಹತ್ತು ಜನ ಸಿಗ್ತಾರೆ ಸ್ವಾಮಿ. ಚಿಲ್ಲರೆ ಇದ್ರೆ ಕೊಡಿ” ಎಂದು ಮುಂದಿನ ಸೀಟಿಗೆ ಹೋದ. ನನ್ನ ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ಮಾತ್ರ ಮುಸಿಮುಸಿ ನಕ್ಕರು. ಶಿವಮೊಗ್ಗದ ಖಾಸಗಿ ಬಸ್ ನಿಲ್ದಾಣದಲ್ಲೇ ನನ್ನ ಮೊದಲ ಜೋಕು ನೆಗೆದುಬಿತ್ತು.

ಓದುಗ ಮಹಾಶಯರೇ, ಈ ಪ್ರಯಾಣ ನಾನು ಇಷ್ಟಪಟ್ಟು ಹೊರಟದ್ದಲ್ಲ. ಜಗಳದಲ್ಲಿ ಸೋತು ಹೊರಟದ್ದು. ಆ ಜಗಳದ ಕತೆಯನ್ನು ಮೊದಲು ಹೇಳಿಬಿಡುತ್ತೇನೆ.

ಟೀ ಅಂಗಡಿಯ ಜಗಳ

ದುರ್ಗಿಗುಡಿಯ ಟೀ ಅಂಗಡಿಯೊಂದರಲ್ಲಿ ಸಂಜೆ ಹೊತ್ತು ನಾವು ನಾಲ್ಕೈದು ಜನ ಸೇರುತ್ತೇವೆ. ಒಬ್ಬ ಪ್ರೆಸ್ಸಿನವನು, ಒಬ್ಬ ಮೇಷ್ಟ್ರು, ಒಬ್ಬ ಆಟೋ ಓಡಿಸುವವನು, ಮತ್ತೆ ನಾನು. ಆಟೋದವನ ಗಾಡಿಯ ಹಿಂದೆ ಶಂಕರ್ ನಾಗ್ ಚಿತ್ರ ಇದೆ ಎಂದು ಬೇರೆ ಹೇಳಬೇಕೇ? 1980ರಲ್ಲಿ ‘ಆಟೋರಾಜ’ ಬಂದ ಮೇಲೆ ಹತ್ತಿದ ಚಿತ್ರ, ಆಟೋಗಳು ಬದಲಾದರೂ ಇಳಿದಿಲ್ಲ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ಕಾರು ಅಪಘಾತಕ್ಕೆ ಸಿಕ್ಕಿ ಶಂಕರ್ ನಾಗ್ ಹೋದರು. ನಾನು ಹುಟ್ಟಿದ್ದು ಅದಾಗಿ ಏಳು ವರ್ಷಕ್ಕೆ. ಆದರೂ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ನನ್ನಷ್ಟು ಸಲ ನೋಡಿದವನು ಶಿವಮೊಗ್ಗದಲ್ಲಿ ಇನ್ನೊಬ್ಬ ಇದ್ದರೆ ಅವನ ಕಾಲಿಗೆ ಬೀಳುತ್ತೇನೆ. ಮೊದಲು ಸಿ.ಡಿ. ಬಾಡಿಗೆ ಅಂಗಡಿಯಿಂದ ತಂದು ನೋಡಿದೆ. ಆಮೇಲೆ ಅಂಗಡಿಯೇ ಮುಚ್ಚಿದಾಗ ಆ ಸಿ.ಡಿ.ಗಳನ್ನೇ ಕೊಂಡುಕೊಂಡೆ. ಎಲ್. ವೈದ್ಯನಾಥನ್ ಅವರ ಆ ಟೈಟಲ್ ರಾಗ ನನ್ನ ಫೋನಿನಲ್ಲಿ ಇವತ್ತಿಗೂ ಬಾರಿಸುತ್ತದೆ. ಆರ್.ಕೆ. ಲಕ್ಷ್ಮಣ್ ಬರೆದ ಗೆರೆಚಿತ್ರಗಳು ತೆರೆಯ ಮೇಲೆ ಬಂದರೆ ಸಾಕು, ನಾನು ಊಟದ ತಟ್ಟೆ ಹಿಡಿದುಕೊಂಡೇ ನಿಂತುಬಿಡುತ್ತೇನೆ.

ಇಷ್ಟು ಭಕ್ತಿ ಇರುವವನಿಗೆ ಬಾಯಿ ಸುಮ್ಮನಿರಬೇಕಿತ್ತು. ಇರಲಿಲ್ಲ. ಒಂದು ಸಂಜೆ, ಹೊರಗೆ ಮಳೆ, ಒಳಗೆ ಮಿರ್ಚಿ ಬಜ್ಜಿ, ನಾನು ನನ್ನ ಮನಸ್ಸಿನಲ್ಲಿದ್ದ ನಾಲ್ಕು ಮಾತು ಹೇಳಿಬಿಟ್ಟೆ.

ಒಂದು: ಸ್ವಾಮಿ ಮುದ್ದಾದ ಹುಡುಗ, ಮಾಸ್ಟರ್ ಮಂಜುನಾಥ್ ಅದ್ಭುತ, ಗಿರೀಶ್ ಕಾರ್ನಾಡರ ಅಪ್ಪನ ಪಾತ್ರ ಸೊಗಸು, ಎಲ್ಲಾ ಸರಿ. ಆದರೆ ಧಾರಾವಾಹಿಯ ಕಿರೀಟ ಅದಲ್ಲ. ವಿಷ್ಣುವರ್ಧನ್ ಗುಮಾಸ್ತನಾಗಿ ಬರುವ ‘ತಿಂಗಳಿಗೆ ನಲವತ್ತೈದು ರೂಪಾಯಿ’ಯ ಕತೆಯೇ ಕಿರೀಟ. ಅಷ್ಟೇ ಅಲ್ಲ, ‘ನಾಗರಹಾವು’ವಿನ ರಾಮಾಚಾರಿಗಿಂತ, ‘ಸಾಹಸಸಿಂಹ’ನಿಗಿಂತ ಆ ಒಂದೇ ಕಂತಿನ ವೆಂಕಟರಾವ್ ದೊಡ್ಡವನು.

ಎರಡು: ಆಗುಂಬೆ ಮಾಲ್ಗುಡಿಯಲ್ಲ. ಆಗಲು ಸಾಧ್ಯವೂ ಇಲ್ಲ.

ಮೂರು: ‘ಮಾಲ್ಗುಡಿ ಡೇಸ್’ ಸಿಹಿ ಧಾರಾವಾಹಿಯಲ್ಲ. ಅದನ್ನು ನೋಡಿ “ಆ ಕಾಲ ಎಷ್ಟು ಚೆನ್ನಾಗಿತ್ತು” ಎನ್ನುವವರು ಅದನ್ನು ನೋಡಿಯೇ ಇಲ್ಲ.

ನಾಲ್ಕು: 2006ರಲ್ಲಿ ಕವಿತಾ ಲಂಕೇಶ್ ನಿರ್ದೇಶಿಸಿದ ಹದಿನೈದು ಕಂತುಗಳನ್ನು ಎಲ್ಲರೂ ಮೂದಲಿಸುತ್ತಾರಲ್ಲ, ಅವು ಅಷ್ಟು ಕೆಟ್ಟದಾಗಿಲ್ಲ. ಶಂಕರ್ ನಾಗ್ ಅವರ 39 ಕಂತುಗಳ ನೆರಳಲ್ಲಿ ನಿಲ್ಲಿಸಿದರೆ ಯಾರು ತಾನೆ ಎತ್ತರ ಕಾಣುತ್ತಾರೆ?

ನಾಲ್ಕನೆಯದಕ್ಕೆ ಪ್ರೆಸ್ಸಿನವನು ಬಜ್ಜಿ ಕೆಳಗಿಟ್ಟ. ಮೂರನೆಯದಕ್ಕೆ ಮೇಷ್ಟ್ರು ಕನ್ನಡಕ ತೆಗೆದರು. ಒಂದನೆಯದಕ್ಕೆ ಪಕ್ಕದ ಬೆಂಚಿನಲ್ಲಿ ಕೂತಿದ್ದ, ನಮಗೆ ಪರಿಚಯವೇ ಇಲ್ಲದ ವಿಷ್ಣು ಅಭಿಮಾನಿಯೊಬ್ಬ ಎದ್ದು ಬಂದು, “ದಾದಾ ಬಗ್ಗೆ ಏನೋ ಅಂದ್ಯಲ್ಲ, ಇನ್ನೊಂದ್ಸಲ ಹೇಳು” ಎಂದ. “ಹೊಗಳಿದ್ದು ಕಣಣ್ಣಾ” ಎಂದರೂ ಅವನಿಗೆ ನಂಬಿಕೆ ಬರಲಿಲ್ಲ. ಕೊನೆಗೆ ಮೇಷ್ಟ್ರು ತೀರ್ಪು ಕೊಟ್ಟರು: “ಪಿಯುಸಿ ಅರ್ಧಕ್ಕೆ ಬಿಟ್ಟವನು ಸಾಹಿತ್ಯ ವಿಮರ್ಶೆ ಮಾಡ್ತಾನೆ!”

“ಸ್ವಾಮೀನೂ ಶಾಲೆ ಬಿಟ್ಟು ಓಡಿದವನೇ ಮೇಷ್ಟ್ರೇ” ಎಂದೆ.

ಎಲ್ಲರೂ ನಕ್ಕರು. ನಕ್ಕ ಮೇಲೆ ಆಟೋದವನು ಒಂದೇ ಒಂದು ಪ್ರಶ್ನೆ ಕೇಳಿದ. “ನೀನು ಆಗುಂಬೇಲಿ ಒಂದು ರಾತ್ರಿ ಇದ್ದೀಯಾ?”

ಇರಲಿಲ್ಲ. ಉಡುಪಿಗೆ ಹೋಗುವಾಗ ಹಾದು ಹೋಗಿದ್ದೆ, ಅಷ್ಟೆ.

“ಹಂಗಾದ್ರೆ ಹೋಗಿ ಬಾ. ಆಮೇಲೆ ಮಾತಾಡು.”

ಸಂಪಾದಕರಿಗೆ ಫೋನ್ ಮಾಡಿದೆ. “ಹೋಗಿ, ಬರೆದು ಕೊಡಿ, ಖರ್ಚಿನ ಮಾತು ಆಮೇಲೆ” ಎಂದರು. ಈ ಪತ್ರಿಕೆಗೆ ಬರೆಯುವ ನಮಗೆಲ್ಲ ಆ ‘ಆಮೇಲೆ’ಯ ಅರ್ಥ ಗೊತ್ತು!

ಅರಸಾಳಿನ ಪ್ಲಾಟ್‌ಫಾರಂ

ಮಾಲ್ಗುಡಿ ಹುಟ್ಟಿದ್ದು ರೈಲು ನಿಲ್ದಾಣದಿಂದ. 1930ರ ವಿಜಯದಶಮಿಯಂದು, ಅಜ್ಜಿ ನೋಡಿಕೊಟ್ಟ ಶುಭದಿನದಲ್ಲಿ, ಬೆಂಗಳೂರಿನಲ್ಲಿ ಕೂತು ಆರ್.ಕೆ. ನಾರಾಯಣ್ ಹೊಸ ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದಾಗ ಅವರ ಕಣ್ಣಿಗೆ ಮೊದಲು ಕಂಡದ್ದು ಪುಟ್ಟ ಸ್ಟೇಷನ್ನು. ಊರು ಆಮೇಲೆ ಬೆಳೆಯಿತು. ಹಾಗಾಗಿ ನಾನೂ ಆಗುಂಬೆಗಿಂತ ಮುಂಚೆ ಒಂದು ದಿನ ಅರಸಾಳಿಗೆ ಹೋದೆ. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ರೈಲು ಹಾದಿಯಲ್ಲಿ, ಹೊಸನಗರ ತಾಲ್ಲೂಕಿನಲ್ಲಿ, ಕಾಡಿನ ಮಗ್ಗುಲಲ್ಲಿರುವ ಸ್ಟೇಷನ್ ಅದು. ಧಾರಾವಾಹಿಯಲ್ಲಿ ‘ಮಾಲ್ಗುಡಿ’ ಎಂದು ಬೋರ್ಡು ಹೊತ್ತು ನಿಂತದ್ದು ಇದೇ.

ಹಳೆಯ ಕಟ್ಟಡ ಪಾಳು ಬೀಳುವುದರಲ್ಲಿತ್ತು. 2020ರಲ್ಲಿ ನೈಋತ್ಯ ರೈಲ್ವೆ ಅದನ್ನು ರಿಪೇರಿ ಮಾಡಿ ಮಾಲ್ಗುಡಿ ಮ್ಯೂಸಿಯಂ ಮಾಡಿತು. ಧಾರಾವಾಹಿಗೆ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಇದಕ್ಕೂ ಕೈ ಹಾಕಿದರು. ಹೆಂಚಿನ ಮಾಡು, ಮರದ ಕಂಬ, ಬಣ್ಣ ಬಳಿದ ಗೋಡೆ. ನೋಡಿದರೆ ಕಣ್ಣು ತಂಪಾಗುತ್ತದೆ.

ನಾನು ಹೋದಾಗ ದಾವಣಗೆರೆ ಕಡೆಯ ಒಂದು ಕುಟುಂಬ ಬಂದಿತ್ತು. ಅಪ್ಪ ಟೈಟಲ್ ರಾಗ ಗುನುಗುತ್ತಿದ್ದ, ಮಕ್ಕಳು ಓಡಾಡುತ್ತಿದ್ದರು, ಅಮ್ಮ ಎಲ್ಲರನ್ನೂ ಬೋರ್ಡಿನ ಕೆಳಗೆ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು. “ನೀವೂ ಬನ್ನಿ ಅಣ್ಣಾ, ಒಂದು ತೆಗೆದುಕೊಡಿ” ಎಂದು ಫೋನ್ ನನ್ನ ಕೈಗಿತ್ತರು. ತೆಗೆದುಕೊಟ್ಟೆ. ಅವರ ಮುಖದ ಸಂತೋಷ ನೋಡಿ ನನ್ನ ಮೂರನೆಯ ಅಭಿಪ್ರಾಯ ಗಂಟಲಲ್ಲೇ ಉಳಿಯಿತು.

ಏಕೆಂದರೆ ಆ ಕಾದಂಬರಿ ಓದಿದವರಿಗೆ ಗೊತ್ತು, ‘ಸ್ವಾಮಿ ಅಂಡ್ ಫ್ರೆಂಡ್ಸ್’ ಮುಗಿಯುವುದೇ ರೈಲ್ವೆ ಪ್ಲಾಟ್‌ಫಾರಂ ಮೇಲೆ. ಕ್ರಿಕೆಟ್ ಮ್ಯಾಚಿಗೆ ಬಾರದೆ ಕೈಕೊಟ್ಟ ಸ್ವಾಮಿಯ ಮೇಲೆ ರಾಜಮ್‌ಗೆ ಕೋಪ. ಅವನಪ್ಪನಿಗೆ ವರ್ಗವಾಗಿ ಊರು ಬಿಟ್ಟು ಹೊರಟಿದ್ದಾನೆ. ಸ್ವಾಮಿ ಒಂದು ಪುಸ್ತಕ ಹಿಡಿದುಕೊಂಡು ಸ್ಟೇಷನ್ನಿಗೆ ಓಡಿ ಬರುತ್ತಾನೆ. ರೈಲು ಹೊರಡುತ್ತದೆ. ರಾಜಮ್ ಕ್ಷಮಿಸಿದನೋ ಇಲ್ಲವೋ ಸ್ವಾಮಿಗೆ ತಿಳಿಯುವುದೇ ಇಲ್ಲ. ಹತ್ತು ವರ್ಷದ ಹುಡುಗನ ಜೀವನದಲ್ಲಿ ಅದಕ್ಕಿಂತ ದೊಡ್ಡ ನಷ್ಟ ಯಾವುದು? ನಾವು ಅದೇ ಪ್ಲಾಟ್‌ಫಾರಂ ಮೇಲೆ ನಿಂತು ಹಲ್ಲು ಕಿರಿದು ಫೋಟೋ ತೆಗೆಸಿಕೊಳ್ಳುತ್ತೇವೆ!

ಹಾಗೆ ಅಂದುಕೊಂಡೆ. ಅಂದುಕೊಂಡು ನಾನೂ ಬೋರ್ಡಿನ ಕೆಳಗೆ ನಿಂತು ಒಂದು ಫೋಟೋ ತೆಗೆಸಿಕೊಂಡೆ. ಸುಳ್ಳೇಕೆ ಹೇಳಲಿ?

ಆಗುಂಬೆ ಏಕೆ ಮಾಲ್ಗುಡಿಯಲ್ಲ?

ಈಗ ಮತ್ತೆ ಬಸ್ಸಿಗೆ ಬರೋಣ. ಗಾಜನೂರು, ಸಕ್ರೆಬೈಲು, ಮಂಡಗದ್ದೆ. ಎಡಗಡೆ ತುಂಗೆ ಕೆಂಪಗೆ ತುಂಬಿಕೊಂಡು ಜೊತೆಯಲ್ಲೇ ಬರುತ್ತಿದ್ದಳು. ತೀರ್ಥಹಳ್ಳಿಯಲ್ಲಿ ಅರ್ಧ ಬಸ್ಸು ಖಾಲಿಯಾಗಿ ಮತ್ತೆ ಅರ್ಧ ತುಂಬಿತು. ಮೇಗರವಳ್ಳಿ ಬರುವಷ್ಟರಲ್ಲಿ ಮಧ್ಯಾಹ್ನ ಎರಡು ಗಂಟೆಗೇ ಡ್ರೈವರ್ ಲೈಟು ಹಾಕಿದ. ಕಿಟಕಿಯ ಆಚೆ ಇದ್ದದ್ದು ಮಳೆಯೋ, ಮಂಜೋ, ಕಾಡೋ ಬಿಡಿಸಿ ಹೇಳುವಂತಿರಲಿಲ್ಲ.

ನನ್ನ ವಾದ ಇದು. ನಾರಾಯಣ್ ಅವರ ಮಾಲ್ಗುಡಿ ಬಯಲುಸೀಮೆಯ ಊರು. ಸರಯೂ ಎಂಬ ನದಿ ಇದೆ, ಆದರೆ ಬೇಸಿಗೆಯಲ್ಲಿ ಅದರ ಮರಳಿನ ಮೇಲೆ ಜನ ಸಂಜೆ ಕೂತು ಹರಟುತ್ತಾರೆ. ಮೇಂಪಿ ಬೆಟ್ಟಗಳು ದೂರದಲ್ಲಿವೆ. ಕಬೀರ್ ಬೀದಿ, ಲಾಲಿ ಬಡಾವಣೆ, ಮಾರ್ಕೆಟ್ ರೋಡು, ಮಿಷನ್ ಸ್ಕೂಲು, ಬ್ಯಾಂಕು, ಕೋರ್ಟು. ಬೀದಿ ತುಂಬ ಬಿಸಿಲು, ಧೂಳು, ಸಾಲಗಾರರು. ಮದರಾಸಿನಲ್ಲಿ ಹುಟ್ಟಿ ಬೆಳೆದು ಮೈಸೂರಿನಲ್ಲಿ ಬಾಳಿದ ಲೇಖಕ, ಎರಡೂ ಕಡೆಯ ಬೀದಿಗಳನ್ನು ಕಲಸಿ ಕಟ್ಟಿದ ಊರು. 1935ರಲ್ಲಿ ಆ ಮೊದಲ ಪುಸ್ತಕ ಲಂಡನ್ನಿನಲ್ಲಿ ಅಚ್ಚಾಯಿತು. ಅದಕ್ಕೂ ಮುಂಚೆ ಪ್ರಕಾಶಕರೆಲ್ಲ ಬೇಡವೆಂದಾಗ ನಾರಾಯಣ್ ಬೇಸತ್ತು, ಹಸ್ತಪ್ರತಿಗೆ ಕಲ್ಲು ಕಟ್ಟಿ ಥೇಮ್ಸ್ ನದಿಗೆ ಹಾಕು ಎಂದು ಆಕ್ಸ್‌ಫರ್ಡಿನಲ್ಲಿದ್ದ ಗೆಳೆಯನಿಗೆ ಹೇಳಿದ್ದರು. ಆ ಪುಣ್ಯಾತ್ಮ ನದಿಗೆ ಹಾಕದೆ ಗ್ರಹಾಂ ಗ್ರೀನ್ ಕೈಗೆ ಕೊಟ್ಟ. ಮಾಲ್ಗುಡಿ ಉಳಿಯಿತು.

ಇನ್ನು ಆಗುಂಬೆಗೆ ಬನ್ನಿ. ವರ್ಷಕ್ಕೆ 7,000 ಮಿಲಿಮೀಟರಿನ ಆಸುಪಾಸು ಮಳೆ. ‘ದಕ್ಷಿಣದ ಚಿರಾಪುಂಜಿ’ ಎಂದು ಶಾಲೆಯ ಪುಸ್ತಕದಲ್ಲೇ ಓದಿದ್ದೇವೆ. ಕಾಳಿಂಗ ಸರ್ಪದ ಕಾಡು. ಊರು ಮುಗಿದ ಕೂಡಲೇ ಘಟ್ಟ, ಸೋಮೇಶ್ವರದ ಕಡೆಗೆ ಹದಿನಾಲ್ಕು ಹೇರ್‌ಪಿನ್ ತಿರುವು, ದೊಡ್ಡ ಬಸ್ಸು ಇಳಿಯುವಂತಿಲ್ಲ, ಮಿನಿ ಬಸ್ಸೇ ಗತಿ. ಹೀಗಿರುವ ಊರಲ್ಲಿ ನಾರಾಯಣರ ಗುಮಾಸ್ತರೂ ಪುರಸಭಾಧ್ಯಕ್ಷರೂ ಎಲ್ಲಿ ಬಿಸಿಲು ಕಾಯಿಸಿಕೊಳ್ಳಬೇಕು? ಶಂಕರ್ ನಾಗ್ ಈ ಊರನ್ನು ಆರಿಸಿದ್ದು ಹೆಂಚಿನ ಮನೆಗಳ ಸಾಲು, ಜಗಲಿಗಳು, ಹಳೆಯ ಕಾಲದ ಮುಖ ಇಲ್ಲಿ ಹಾಗೇ ಉಳಿದಿತ್ತೆಂದು. ಅದು ಕ್ಯಾಮೆರಾ ಹಿಡಿದವನ ಜಾಣತನ. ಆದರೆ ಆ ಹಸಿರು, ಆ ಹೆಂಚು, ಆ ತಂಪು ಸೇರಿ ಕತೆಗಳ ಕಹಿಗೆ ಬೆಲ್ಲ ಸವರಿಬಿಟ್ಟವು. ನೋಡಿದವರೆಲ್ಲ “ಅಲ್ಲಿ ಹೋಗಿ ಇದ್ದುಬಿಡಬೇಕು” ಎಂದರು. ಪುಸ್ತಕ ಓದಿ ಯಾರೂ ಮಾಲ್ಗುಡಿಯಲ್ಲಿ ಮನೆ ಹುಡುಕಲಿಲ್ಲ.

ಈ ವಾದವನ್ನು ಬಾಯಿಪಾಠ ಮಾಡಿಕೊಂಡು ಆಗುಂಬೆಯಲ್ಲಿ ಇಳಿದೆ. ಇಳಿದ ಎರಡನೇ ನಿಮಿಷಕ್ಕೆ ನನ್ನ ಛತ್ರಿ ಉಲ್ಟಾ ಆಯಿತು.

ಮಳೆಯೊಳಗಿನ ಊರು

ಬಸ್ ನಿಲ್ಲುವ ಜಾಗದ ಹತ್ತಿರ ಒಂದು ಸಣ್ಣ ಹೋಟೆಲು. ಒಳಗೆ ನಾಲ್ಕು ಮೇಜು, ಒಲೆಯ ಬಿಸಿ. ಗಲ್ಲಾದಲ್ಲಿ ಅರವತ್ತರ ಆಸುಪಾಸಿನ ಯಜಮಾನರು. ನನ್ನ ಅವತಾರ ನೋಡಿ ಮೊದಲು ಒಂದು ಪಂಚೆ ಎಸೆದರು. “ತಲೆ ಒರೆಸಿಕೊಳ್ಳಿ ಮಾರಾಯ್ರೆ. ಛತ್ರಿ ನಂಬಿಕೊಂಡು ಇಲ್ಲಿಗೆ ಯಾರಾದ್ರೂ ಬರ್ತಾರಾ?” ಹೊರಗೆ ಕಂಬಳಿಕೊಪ್ಪೆ ಹಾಕಿಕೊಂಡ ಮುದುಕನೊಬ್ಬ ಒಂದು ಹನಿಯೂ ತಾಗದವನಂತೆ ಆರಾಮಾಗಿ ನಡೆದು ಹೋಗುತ್ತಿದ್ದ.

ನೀರುದೋಸೆ ಬಂತು, ಕಷಾಯ ಬಂತು. ಇಡೀ ಹೋಟೆಲಿನಲ್ಲಿ ನಾನೊಬ್ಬನೇ ಗಿರಾಕಿ. ಯಜಮಾನರು ಎದುರಿಗೆ ಬಂದು ಕೂತರು.

“ದೊಡ್ಡಮನೆ ನೋಡ್ಲಿಕ್ಕೆ ಬಂದದ್ದಾ?”

“ಅದೂ ನೋಡ್ಬೇಕು ಯಜಮಾನ್ರೇ.”

“ಎಲ್ಲಾ ಅದೇ ಕೇಳೋದು. ಸ್ವಾಮಿ ಮನೆ ಎಲ್ಲಿ, ಸ್ವಾಮಿ ಮನೆ ಎಲ್ಲಿ.” ದೊಡ್ಡಮನೆ ಎಂದರೆ ನೂರು ವರ್ಷ ದಾಟಿದ ತೊಟ್ಟಿಮನೆ. ಧಾರಾವಾಹಿಯಲ್ಲಿ ಅದರ ಜಗಲಿ, ಕಂಬ, ತೊಟ್ಟಿಯನ್ನು ನೋಡದವರಿಲ್ಲ. ನಾನೂ ಸಂಜೆ ಹೋಗಿ ನೋಡಿದೆ. ಕಂಬ ಮುಟ್ಟಿದೆ. ಮೈ ಜುಮ್ಮೆಂದಿತು. ಅಭಿಮಾನಿ ಅಭಿಮಾನಿಯೇ.

ಆದರೆ ಆಗ, ದೋಸೆಯ ಮುಂದೆ ಕೂತು, ನನ್ನ ನಾಲಗೆ ಸುಮ್ಮನಿರಲಿಲ್ಲ. “ಯಜಮಾನ್ರೇ, ಬೇಜಾರು ಮಾಡ್ಕೋಬೇಡಿ. ನನ್ನ ಪ್ರಕಾರ ನಿಮ್ಮ ಊರು ಮಾಲ್ಗುಡಿ ಅಲ್ಲ” ಎಂದು ಸುರುಮಾಡಿದವನು, ಸರಯೂ, ಮೇಂಪಿ, ಬಿಸಿಲು, ಧೂಳು ಎಲ್ಲಾ ಒಪ್ಪಿಸಿಬಿಟ್ಟೆ. ಯಜಮಾನರ ಮುಖ ಬಿಗಿಯಾಗುತ್ತದೆ, ಪಂಚೆ ವಾಪಸ್ ಕೇಳುತ್ತಾರೆ ಎಂದು ಕಾದೆ.

ಅವರು ಎದ್ದು ಹೋಗಿ ಒಲೆಗೆ ಕಟ್ಟಿಗೆ ತಳ್ಳಿ ಬಂದರು.

“ಇಷ್ಟು ಹೇಳ್ಲಿಕ್ಕೆ ಪುಸ್ತಕ ಓದ್ಬೇಕಾ ಮಾರಾಯ್ರೆ? ಧಾರಾವಾಹೀಲಿ ಮಳೆ ಎಲ್ಲಿದೆ ಹೇಳಿ? ಶಂಕ್ರಣ್ಣ ತಗೊಂಡು ಹೋದದ್ದು ಬಿಸಿಲಿನ ಆಗುಂಬೆ. ಅದು ವರ್ಷದಲ್ಲಿ ಕೆಲವು ತಿಂಗಳು ಮಾತ್ರ. ಉಳಿದದ್ದನ್ನ ನಮಗೇ ಬಿಟ್ಟು ಹೋದ್ರು.”

ನಾನು ದೋಸೆ ಮರೆತೆ.

“ಜೂನ್ ಬಂತು ಅಂದ್ರೆ ಬಟ್ಟೆ ಒಣಗೋದಿಲ್ಲ. ಗೋಡೆ ಮೇಲೆ ಬೂಷ್ಟು. ಕರೆಂಟು ಹೋದ್ರೆ ಯಾವಾಗ ಬರ್ತದೆ ಗೊತ್ತಿಲ್ಲ. ಘಾಟೀಲಿ ಮರ ಬಿದ್ರೆ, ಗುಡ್ಡ ಜರಿದ್ರೆ, ಕಾಯಿಲೆಯವರನ್ನ ಕೆಳಗೆ ಆಸ್ಪತ್ರೆಗೆ ಹೊತ್ಕೊಂಡು ಹೋಗೋದು ಹ್ಯಾಗೆ? ಹುಡುಗ್ರು ಓದಿ ಬೆಂಗಳೂರಿಗೆ ಹೋಗ್ತಾರೆ, ವಾಪಸ್ ಬರೋದಿಲ್ಲ. ಬಂದವರು ಎಂತ ಹೇಳ್ತಾರೆ? ‘ನೀವು ಪುಣ್ಯವಂತರು, ಸ್ವರ್ಗದಲ್ಲಿದ್ದೀರಿ.’ ನಾವು ‘ಹೌದೌದು’ ಅಂತ ಕಷಾಯ ಕೊಡ್ತೇವೆ.”

ನನ್ನ ವಾದವನ್ನು ನನಗಿಂತ ಚೆನ್ನಾಗಿ ಗೆದ್ದುಕೊಟ್ಟರು! ನಾನು ಕಾದಂಬರಿಯ ಪರವಾಗಿ ಮಾತಾಡಿದ್ದೆ. ಅವರು ಊರಿನ ಪರವಾಗಿ ಮಾತಾಡಿದ್ದರು. ಸಿಹಿ ಸವರಿದ್ದು ಕತೆಗೆ ಮಾತ್ರ ಎಂದು ನಾನು ತಿಳಿದಿದ್ದೆ. ಊರಿಗೂ ಸವರಿದ್ದೇವೆ, ಆ ಸಿಹಿಯ ಅಡಿಯಲ್ಲಿ ಇರುವವರು ಬಾಯಿ ಬಿಡುವಂತಿಲ್ಲ ಎನ್ನುವುದು ನನಗೆ ಹೊಳೆದೇ ಇರಲಿಲ್ಲ.

“ಹಂಗಾದ್ರೆ ಆ ಧಾರಾವಾಹಿ ನಿಮಗೆ ಇಷ್ಟ ಇಲ್ವಾ?” ಎಂದು ಕೇಳಿದೆ.

“ಇಷ್ಟ ಇಲ್ಲ ಅಂತ ಯಾರು ಹೇಳಿದ್ದು?” ಎಂದರು ಯಜಮಾನರು. ಮೊದಲ ಸಲ ದನಿ ಸ್ವಲ್ಪ ಏರಿತು.

ಮೂರು ಸೆಕೆಂಡು

ರಾತ್ರಿ ಎಂಟಕ್ಕೆ ಕರೆಂಟು ಹೋಯಿತು. ಹೋಟೆಲಿನ ಮೇಲಿನ ಕೋಣೆಯಲ್ಲಿ ನನಗೆ ಜಾಗ ಕೊಟ್ಟಿದ್ದರು. ಹೆಂಚಿನ ಮೇಲೆ ಮಳೆ ಸುರಿಯುವ ಸದ್ದಿಗೆ ಪಕ್ಕದವರ ಮಾತೂ ಕೇಳಿಸುವಂತಿರಲಿಲ್ಲ. ಯಜಮಾನರು ಒಂದು ಲಾಟೀನು ಹಿಡಿದು ಮೇಲೆ ಬಂದರು. ಇನ್ನೊಂದು ಕೈಯಲ್ಲಿ ಫೋನು.

“ಮಗ ಬೆಂಗಳೂರಿಂದ ಇದ್ರಲ್ಲಿ ಹಾಕಿ ಕೊಟ್ಟಿದ್ದಾನೆ” ಎಂದರು. ಒಂದು ಕಂತಿನ ಬೀದಿಯ ದೃಶ್ಯ. ಎದುರಿಗೆ ಪಾತ್ರಧಾರಿಗಳು ಮಾತಾಡುತ್ತಿದ್ದಾರೆ. ಹಿಂದುಗಡೆ ಅಂಗಡಿಗಳು, ಜನ. ಯಜಮಾನರು ಮಾತಾಡುವವರ ಕಡೆ ನೋಡುತ್ತಲೇ ಇರಲಿಲ್ಲ. ಪರದೆಯ ಬಲಗಡೆಯ ಮೂಲೆಗೆ ಬೆರಳಿಟ್ಟುಕೊಂಡು ಕಾಯುತ್ತಿದ್ದರು.

“ಈಗ ನೋಡಿ.”

ಮುಂಡಾಸು ಸುತ್ತಿದ ಒಬ್ಬ ಮನುಷ್ಯ, ಕೈಯಲ್ಲಿ ಚೀಲ, ಮೂಲೆಯಿಂದ ಬಂದ, ಬೀದಿ ದಾಟಿದ, ಕಂಬದ ಮರೆಯಾದ. ಮೂರು ಸೆಕೆಂಡು ಇದ್ದಿರಬಹುದು.

“ನಮ್ಮಪ್ಪ.”

ನಾನು ಏನೂ ಹೇಳಲಿಲ್ಲ.

“ಊರವರನ್ನೆಲ್ಲ ಬೀದೀಲಿ ನಡೀಲಿಕ್ಕೆ ನಿಲ್ಲಿಸಿದ್ರು. ನಾನೂ ಇದ್ದೆ, ಆ ಕಡೆ, ಕಾಣೋದಿಲ್ಲ. ಅದಾಗಿ ಎರಡು ವರ್ಷಕ್ಕೆ ಅಪ್ಪ ಹೋದ್ರು. ಮನೇಲಿ ಇರೋದು ಒಂದೇ ಫೋಟೋ. ಅದ್ರಲ್ಲಿ ಕೂತಿದ್ದಾರೆ. ನಡೆಯೋದು ಇದರಲ್ಲಿ ಮಾತ್ರ.”

ಮತ್ತೊಮ್ಮೆ ಹಿಂದಕ್ಕೆ ಹಾಕಿದರು. ಮತ್ತೊಮ್ಮೆ ಮುಂಡಾಸಿನ ಮನುಷ್ಯ ಬೀದಿ ದಾಟಿದ. “ಬಲಗಾಲು ಸ್ವಲ್ಪ ಎಳೀತಾರೆ, ಕಂಡಿತಾ?” ಎಂದರು. ಕಾಣಲಿಲ್ಲ. “ಕಂಡಿತು” ಎಂದೆ.

ನಲವತ್ತೈದು ರೂಪಾಯಿ

ಅವರು ತಮ್ಮ ಅಪ್ಪನನ್ನು ತೋರಿಸಿದ ಮೇಲೆ, ನಾನೂ ನನ್ನಪ್ಪನ ವಿಷಯ ಹೇಳಿದೆ. ಟೀ ಅಂಗಡಿಯಲ್ಲಿ ಇದನ್ನು ಹೇಳಿರಲಿಲ್ಲ.

ನಮ್ಮಪ್ಪ ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ‘ಮಾಲ್ಗುಡಿ ಡೇಸ್’ ಸಿ.ಡಿ.ಗಳನ್ನು ಮೊದಲು ಮನೆಗೆ ತಂದದ್ದೂ ಅವರೇ. 1986ರಲ್ಲಿ ದೂರದರ್ಶನದಲ್ಲಿ ಅದು ಬರುತ್ತಿದ್ದಾಗ ಯಾರದೋ ಮನೆಯ ಕಿಟಕಿಯಾಚೆ ನಿಂತು ನೋಡಿದ್ದರಂತೆ. ಧಾರಾವಾಹಿ ಹಿಂದಿಯಲ್ಲಿ, ಅಪ್ಪನಿಗೆ ಹಿಂದಿ ಅಷ್ಟಕ್ಕಷ್ಟೆ. “ಅರ್ಥ ಆಗೋದಕ್ಕೆ ಭಾಷೆ ಯಾಕೆ, ನಮ್ಮೂರೇ ಅಲ್ವಾ” ಎನ್ನುತ್ತಿದ್ದರು. ಎಲ್ಲಾ ಕಂತುಗಳನ್ನೂ ನಮ್ಮ ಜೊತೆ ಕೂತು ನೋಡುತ್ತಿದ್ದರು. ಒಂದನ್ನು ಬಿಟ್ಟು. ವಿಷ್ಣುವರ್ಧನ್ ಗುಮಾಸ್ತನಾಗಿರುವ ಆ ಕಂತು ಬಂದರೆ ಎದ್ದು ಹಿತ್ತಿಲಿಗೆ ಹೋಗುತ್ತಿದ್ದರು.

ಕತೆ ನಿಮಗೆ ಗೊತ್ತಿರಬಹುದು. ವೆಂಕಟರಾವ್ ಎಂಬ ಗುಮಾಸ್ತ ಪುಟ್ಟ ಮಗಳಿಗೆ ಇವತ್ತು ಸಂಜೆ ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಡುತ್ತಾನೆ. ಮಗಳು ತಲೆ ಬಾಚಿಸಿಕೊಂಡು, ಒಳ್ಳೆ ಫ್ರಾಕ್ ಹಾಕಿಕೊಂಡು ಬಾಗಿಲಲ್ಲಿ ಕಾಯುತ್ತಾಳೆ. ಆಫೀಸಿನಲ್ಲಿ ಸಾಹೇಬ ಬಿಡುವುದಿಲ್ಲ. ರೋಸಿ ಹೋದ ವೆಂಕಟರಾವ್ ರಾಜೀನಾಮೆ ಬರೆಯುತ್ತಾನೆ: ತಿಂಗಳಿಗೆ ನಲವತ್ತು ರೂಪಾಯಿಗೆ ನನ್ನನ್ನು ಕೊಂಡುಕೊಂಡಿದ್ದೀರಿ, ಇನ್ನು ಸಾಕು ಎಂದು. ಆಗ ಸಾಹೇಬ ಹೇಳುತ್ತಾನೆ, ನಿನಗೆ ಐದು ರೂಪಾಯಿ ಬಡ್ತಿ ಆಗಲಿದೆ. ವೆಂಕಟರಾವ್ ಕಾಗದ ವಾಪಸ್ ತೆಗೆದುಕೊಳ್ಳುತ್ತಾನೆ. ರಾತ್ರಿ ಮನೆಗೆ ಬಂದರೆ ಮಗಳು ಅದೇ ಫ್ರಾಕಿನಲ್ಲಿ ನಿದ್ದೆ ಹೋಗಿದ್ದಾಳೆ.

ವಿಷ್ಣುವರ್ಧನ್ ಇಲ್ಲಿ ಯಾರಿಗೂ ಹೊಡೆಯುವುದಿಲ್ಲ, ಬೈಕ್ ಹತ್ತುವುದಿಲ್ಲ, ಹಾಡು ಹೇಳುವುದಿಲ್ಲ. ಬೆನ್ನು ಸ್ವಲ್ಪ ಬಗ್ಗಿಸಿಕೊಂಡು ಫೈಲಿನ ಮುಂದೆ ಕೂರುತ್ತಾರೆ. ಐದು ರೂಪಾಯಿಗೆ ಒಬ್ಬ ಗಂಡಸು ಬಾಗುವುದು ಹೇಗಿರುತ್ತದೆ ಎಂದು ತೋರಿಸುತ್ತಾರೆ. ಅದಕ್ಕೇ ನಾನು ಹೇಳಿದ್ದು, ರಾಮಾಚಾರಿಗಿಂತ ಈತ ದೊಡ್ಡವನು ಅಂತ.

ನನಗೆ ಒಂಬತ್ತು ವರ್ಷ. 2006ರ ಡಿಸೆಂಬರ್ ಕೊನೆಗೆ ಬಂದ ‘ಮುಂಗಾರು ಮಳೆ’ ಊರೆಲ್ಲ ಕುಣಿಸುತ್ತಿತ್ತು. ಅಪ್ಪ “ಶನಿವಾರ ಫಸ್ಟ್ ಶೋ” ಎಂದಿದ್ದರು. ಹಬ್ಬದ ಅಂಗಿ ಹಾಕಿಕೊಂಡು ಐದು ಗಂಟೆಯಿಂದ ಗೇಟಿನ ಮೇಲೆ ಕೂತೆ. ಅಡಿಕೆ ಸೀಜನ್ನು, ಮಂಡಿಯಲ್ಲಿ ರಾಶಿ ಮಾಲು. ಅಪ್ಪ ಬಂದಾಗ ರಾತ್ರಿ ಹತ್ತು. ನಾನು ಜಗಲಿಯಲ್ಲೇ, ಅಂಗಿ ಸುಕ್ಕಾಗದ ಹಾಗೆ ಗೋಡೆಗೊರಗಿ ನಿದ್ದೆ ಹೋಗಿದ್ದೆ. ಬೆಳಿಗ್ಗೆ ಅಪ್ಪ ಏನೂ ಹೇಳಲಿಲ್ಲ. ನಾನು ಮಾತ್ರ ಹೇಳಿದೆ: “ನೀನು ಸುಳ್ಳುಗಾರ.” ಮುಂದಿನ ವಾರ ಸಿನಿಮಾ ನೋಡಿದೆವು. ಆ ಮಾತು ಮಾತ್ರ ವಾಪಸ್ ಆಗಲಿಲ್ಲ. ಆ ಕಂತಿಗೆ ಅವರು ಎದ್ದು ಹೋಗುತ್ತಿದ್ದದ್ದು ಏಕೆಂದು ನನಗೆ ಅರ್ಥವಾದದ್ದು ಎಷ್ಟೋ ವರ್ಷದ ಮೇಲೆ, ನಾನೂ ಒಬ್ಬರ ಕೈಕೆಳಗೆ ಕೆಲಸ ಮಾಡಿ, “ಆಗಲಿ ಸಾರ್” ಎಂದು ಕಲಿತ ಮೇಲೆ.

ಅದಕ್ಕೇ ಯಾರಾದರೂ “ಮಾಲ್ಗುಡಿ ಅಂದ್ರೆ ಎಂಥ ಸಿಹಿ ಕಾಲ” ಎಂದರೆ ನನಗೆ ಮೈಯುರಿ. ಆ ಕಾಲದಲ್ಲೂ ಮಗು ಬಾಗಿಲಲ್ಲಿ ಕಾದಿತ್ತು.

ಯಜಮಾನರು ಎಲ್ಲಾ ಕೇಳಿ, ಲಾಟೀನಿನ ಬತ್ತಿ ಸಣ್ಣ ಮಾಡಿದರು. “ಅಪ್ಪ ಇದ್ದಾರಾ?”

“ಇದ್ದಾರೆ.”

“ಹಂಗಾದ್ರೆ ಇಲ್ಲಿ ಕೂತು ನನ್ನ ಹತ್ರ ಎಂತಕ್ಕೆ ಹೇಳ್ತೀರಿ?” ಎಂದು ಕೆಳಗೆ ಹೋದರು.

ಬೆಳಿಗ್ಗೆ ಸೂರ್ಯಾಸ್ತದ ಕಟ್ಟೆಯವರೆಗೂ ನಡೆದು ಹೋದೆ. ಆಕಾಶ ತಿಳಿಯಾಗಿದ್ದರೆ ಸಂಜೆ ಅಲ್ಲಿಂದ ಅರಬ್ಬೀ ಸಮುದ್ರದವರೆಗೆ ಕಾಣುತ್ತದೆ. ನನಗೆ ಕಂಡದ್ದು ಮಂಜು, ಮತ್ತೆ ಮಂಜಿನೊಳಗಿಂದ ಹಾರ್ನ್ ಹೊಡೆಯುತ್ತ ಹತ್ತಿ ಬರುತ್ತಿದ್ದ ಒಂದು ಮಿನಿ ಬಸ್ಸು. ಹೋಟೆಲಿಗೆ ಬಂದು ಲೆಕ್ಕ ಕೇಳಿದರೆ ಯಜಮಾನರು ಕೋಣೆಗೆ ಹಣ ಹಿಡಿಯಲಿಲ್ಲ. “ಬೇಸಿಗೇಲಿ ಬರಬೇಡಿ, ಆಗ ಎಲ್ಲಾ ಬರ್ತಾರೆ. ಮಳೇಲೇ ಬನ್ನಿ” ಎಂದರು.

ಟೀ ಅಂಗಡಿಯ ಗೆಳೆಯರಿಗೆ ಈಗ ಉತ್ತರ ಕೊಡಬೇಕಲ್ಲ, ಇಲ್ಲೇ ಕೊಡುತ್ತೇನೆ. ವಿಷ್ಣು ವಿಷಯ, ಕವಿತಾ ಲಂಕೇಶ್ ವಿಷಯ, ಒಂದಕ್ಷರವೂ ವಾಪಸ್ ಇಲ್ಲ. ಆಗುಂಬೆ ಮಾಲ್ಗುಡಿಯಲ್ಲ ಎಂಬುದೂ ಹಾಗೇ ನಿಲ್ಲುತ್ತದೆ, ಆಗುಂಬೆಯವರೇ ಸಾಕ್ಷಿ. ವಾಪಸ್ ತೆಗೆದುಕೊಳ್ಳುವುದು ಒಂದೇ ಮಾತು: “ಸಿಹಿ ಎನ್ನುವವರು ನೋಡಿಯೇ ಇಲ್ಲ” ಎಂದದ್ದು. ಅರಸಾಳಿನಲ್ಲಿ ರಾಗ ಗುನುಗುತ್ತಿದ್ದ ಅಪ್ಪ ಪರದೆಯ ಯಾವ ಮೂಲೆ ನೋಡುತ್ತಿದ್ದನೋ ನನಗೇನು ಗೊತ್ತು?

ಶಿವಮೊಗ್ಗಕ್ಕೆ ಬಂದವನೇ ಆ ರಾತ್ರಿ ಅಪ್ಪನ ಪಕ್ಕ ಕೂತು ಆ ಕಂತು ಹಾಕಿದೆ. ವೆಂಕಟರಾವ್ ಆಫೀಸಿಗೆ ಹೊರಟ. ಅಪ್ಪ ಎದ್ದು ಹೋಗುತ್ತಾರೆ ಎಂದು ನೋಡುತ್ತಿದ್ದೆ. ಹೋಗಲಿಲ್ಲ. ಮಂಡಿ ನೋವು, ಏಳುವುದು ಕಷ್ಟ ಎಂಬ ಕಾರಣವೂ ಇದ್ದೀತು. ಕೊನೆಯವರೆಗೆ ನೋಡಿದರು. “ಅವತ್ತು ನಾನು ಹಂಗೆ ಅನ್ನಬಾರದಿತ್ತು ಅಪ್ಪಾ” ಎಂದೆ. ಯಾವತ್ತು, ಏನು ಎಂದು ಅವರು ಕೇಳಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು, “ಆಗಿನ ಕಾಲಕ್ಕೆ ಐದು ರೂಪಾಯಿ ಅಂದ್ರೆ ಸಣ್ಣದಲ್ಲ ಕಣೋ” ಎಂದರು.